ನೀರಿಗಿಳಿಯದ ದೋಣಿಗಳು: ಬ್ರಾಂಟನ್ ಮರಳು ದಿಬ್ಬಗಳಲ್ಲಿ ಯುದ್ಧಾಭ್ಯಾಸದ ಕುರುಹುಗಳು

ಇಂಗ್ಲೆಂಡಿನ ನೈಋತ್ಯದಲ್ಲಿರುವ ಡೆವನ್ ಪ್ರಾಂತ್ಯದ ಉತ್ತರ ಕರಾವಳಿಯಲ್ಲಿ, ಸಾಂಟನ್ ಕಡಲತೀರದ ಬೆನ್ನಿಗೆ ಬ್ರಾಂಟನ್ ಬರೋಸ್ ಎಂಬ ಮರಳು ದಿಬ್ಬಗಳ ವಿಶಾಲ ಪ್ರದೇಶವಿದೆ. ಎರಡನೇ ಮಹಾಯುದ್ಧದ ಸ್ಮಾರಕಗಳನ್ನು ನೋಡಬಯಸುವವರು ಸಾಮಾನ್ಯವಾಗಿ ಇಂಗ್ಲಿಷ್ ಕಾಲುವೆ ದಾಟಿ ಫ್ರಾನ್ಸಿನ ನಾರ್ಮಂಡಿಗೆ ಹೋಗುತ್ತಾರೆ. ಆದರೆ 1944ರಲ್ಲಿ ಜರ್ಮನ್ನರ ವಶದಲ್ಲಿದ್ದ ಆ ನಾರ್ಮಂಡಿ ತೀರದ ಮೇಲೆ ದಾಳಿಗಿಳಿದ ಅಮೆರಿಕನ್ ಸೈನಿಕರು ತಮ್ಮ ಕೆಲಸವನ್ನು ಹೇಗೆ ಕಲಿತರು ಎಂಬುದನ್ನು ತಿಳಿಯಲು ಈ ದಿಬ್ಬಗಳಲ್ಲಿ ನಡೆದಾಡಬೇಕು ಎಂದು ನಾನು ದೃಢವಾಗಿ ನಂಬಿದ್ದೇನೆ.

1943ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೇನೆ ಇಲ್ಲಿ ದಾಳಿ ತರಬೇತಿ ಕೇಂದ್ರವನ್ನು ಆರಂಭಿಸಿತು. ಅದರ ಮುಖ್ಯಸ್ಥರಾಗಿದ್ದ ಪಾಲ್ ಥಾಂಪ್ಸನ್ ಸೇನೆಯ ಎಂಜಿನಿಯರ್ ಅಧಿಕಾರಿ; ಮುಖ್ಯ ಕಚೇರಿ ಇದ್ದದ್ದು ಪಕ್ಕದ ವೂಲಕೂಂಬ್ ಊರಿನ ಹೋಟೆಲೊಂದರಲ್ಲಿ. ಚಪ್ಪಟೆಯಾದ ಅಗಲ ತೀರ, ದೂರದವರೆಗೆ ಸರಿದು ಹೋಗುವ ಇಳಿತ, ಹಿಂದೆಯೇ ಮರಳು ದಿಬ್ಬ ಎಂಬ ಈ ನೆಲದ ಲಕ್ಷಣಗಳು ನಾರ್ಮಂಡಿಯ ಒಮಾಹಾ ತೀರವನ್ನು ಹೋಲುತ್ತಿದ್ದವು. ಭದ್ರಪಡಿಸಿದ ತೀರಕ್ಕೆ ಸಮುದ್ರದಿಂದ ನುಗ್ಗಿ ಬಂಕರುಗಳನ್ನು ಕೆಡವುವುದು ಹೇಗೆಂಬ ಸಿದ್ಧ ಪಾಠವೇನೂ ಅಮೆರಿಕನ್ನರ ಬಳಿ ಆಗ ಇರಲಿಲ್ಲ. ಒಂದು ದೋಣಿಯಲ್ಲಿ ಹಿಡಿಸುವ ಸುಮಾರು 30 ಮಂದಿಯನ್ನೇ ಒಂದು ಸ್ವತಂತ್ರ ತಂಡವಾಗಿ ಮಾಡಿ, ಮುಳ್ಳುತಂತಿ ಕತ್ತರಿಸುವವರು, ಬೆಂಕಿ ಉಗುಳುವ ಯಂತ್ರ ಹೊತ್ತವರು, ಬಜೂಕಾ (ಹೆಗಲ ಮೇಲಿಟ್ಟು ರಾಕೆಟ್ ಹಾರಿಸುವ ಆಯುಧ) ಹಾರಿಸುವವರು, ಸ್ಫೋಟಕ ಇಡುವವರು ಎಂದು ಕೆಲಸ ಹಂಚಿ, ಜೊತೆಯಾಗಿ ದುಡಿಯುವುದನ್ನು ಅವರಿಗೆ ಅಭ್ಯಾಸ ಮಾಡಿಸಿದ್ದು ಇಲ್ಲಿಯೇ.

ಇಲ್ಲಿನ ಅತ್ಯಂತ ಮುಖ್ಯ ಕುರುಹುಗಳು ದಿಬ್ಬಗಳ ದಕ್ಷಿಣ ತುದಿಯ ಕಡೆಗಿರುವ ಕಾಂಕ್ರೀಟ್ ದೋಣಿಗಳು. ಸೈನಿಕರನ್ನೂ ಟ್ಯಾಂಕುಗಳನ್ನೂ ದಡಕ್ಕಿಳಿಸುವ ನಿಜವಾದ ನೌಕೆಗಳ ಕೊರತೆ ಇದ್ದುದರಿಂದ, ಅವುಗಳ ತಳದ ಅಳತೆಯನ್ನೇ ನೆಲದ ಮೇಲೆ ಕಾಂಕ್ರೀಟಿನಲ್ಲಿ ಎರಕ ಹೊಯ್ದು, ವಾಹನ ಹತ್ತಿಸುವುದು, ಸಾಲಾಗಿ ನಿಲ್ಲಿಸುವುದು, ಬಾಗಿಲು ಬೀಳುತ್ತಲೇ ಹೊರಗೆ ಧಾವಿಸುವುದು ಇವೆಲ್ಲವನ್ನೂ ಒಣನೆಲದಲ್ಲೇ ಕಲಿಸಿದರು. ಮೊದಲ ನೋಟಕ್ಕೆ ಅರ್ಧಕ್ಕೆ ನಿಂತ ಮನೆಯ ತಳಪಾಯವೆಂದೇ ತೋರುತ್ತದೆ. ಹತ್ತಿರ ಹೋಗಿ ನೋಡಿದಾಗಲೇ ಮುಂಭಾಗದಲ್ಲಿ ನೆಲಕ್ಕೆ ಇಳಿಜಾರಾಗಿ ಬರುವ ಭಾಗ ಕಣ್ಣಿಗೆ ಬೀಳುತ್ತದೆ. ಸೈನಿಕರು ಮತ್ತೆ ಮತ್ತೆ ಓಡಿ ಇಳಿದದ್ದು ಅದರ ಮೇಲೆಯೇ. ಕಾಂಕ್ರೀಟಿನ ಅಂಚು ಸವೆದು ಒಳಗಿನ ಉರುಟು ಕಲ್ಲುಗಳು ಹೊರಬಂದಿವೆ, ಬಿರುಕುಗಳಲ್ಲಿ ಹಾವಸೆ ಬೆಳೆದಿದೆ. ಪೊದೆಯಡಿ ಮುಚ್ಚಿಹೋಗಿದ್ದ ಇವನ್ನು ಸ್ವಯಂಸೇವಕರು ಕೆಲವು ವರ್ಷಗಳ ಹಿಂದೆ ಶ್ರಮವಹಿಸಿ ಬಿಡಿಸಿ ತೆಗೆದರು. ದಿಬ್ಬಗಳ ನಡುವೆ ಬಜೂಕಾ ಅಭ್ಯಾಸಕ್ಕೆಂದು ಕಟ್ಟಿದ ಗೋಡೆಯೂ ಇದ್ದು, ಅದರ ಮೈಮೇಲೆ ಹೊಡೆತದ ತೂತುಗಳು ಹಾಗೆಯೇ ಉಳಿದಿವೆ.

ಅಭ್ಯಾಸವೆಂದ ಮಾತ್ರಕ್ಕೆ ಅದು ಅಪಾಯವಿಲ್ಲದ್ದಾಗಿರಲಿಲ್ಲ. ತರಬೇತಿಯಲ್ಲಿ ನಿಜವಾದ ಮದ್ದುಗುಂಡನ್ನೇ ಬಳಸುತ್ತಿದ್ದರು. 1943ರ ಡಿಸೆಂಬರ್‌ನಲ್ಲಿ ದಿಬ್ಬಗಳ ಪಕ್ಕದ ನದಿ ಅಳಿವೆಯ ಬಾಯಲ್ಲಿ ನೌಕೆಗಳು ಒರಟು ಅಲೆಗಳಿಗೆ ಸಿಕ್ಕಿ, ಯುದ್ಧಭೂಮಿಯನ್ನು ಕಾಣುವ ಮುನ್ನವೇ ಸೈನಿಕರು ನೀರುಪಾಲಾದರು. ಇಲ್ಲಿ ಕಲಿತ 16 ಮತ್ತು 116ನೇ ರೆಜಿಮೆಂಟುಗಳು 1944ರ ಜೂನ್ 6ರಂದು ಒಮಾಹಾ ತೀರದಲ್ಲಿ ಮೊದಲ ಸಾಲಿನಲ್ಲಿ ಇಳಿದು ಭಾರೀ ಸಾವುನೋವು ಅನುಭವಿಸಿದವು. ಆ ಇಳಿಜಾರಿನ ಮೇಲೆ ಓಡಿದ ಹುಡುಗರಲ್ಲಿ ಎಷ್ಟೋ ಮಂದಿಗೆ ಇದೇ ಕೊನೆಯ ಚಳಿಗಾಲವಾಗಿತ್ತು.

ದಿಬ್ಬಗಳ ಮೇಲೂ ಯುದ್ಧದ ಪರಿಣಾಮವಾಯಿತು. ಟ್ಯಾಂಕುಗಳು ಹರಿದಾಡಿ ಹುಲ್ಲಿನ ಹೊದಿಕೆ ಕಿತ್ತುಹೋದಾಗ ಮರಳು ಗಾಳಿಗೆ ಹಾರತೊಡಗಿತು. ಯುದ್ಧಾನಂತರ ಮ್ಯಾರಮ್ ಹುಲ್ಲನ್ನು ನೆಟ್ಟು ಅದನ್ನು ಹಿಡಿದು ನಿಲ್ಲಿಸಿದರು. 1950ರ ದಶಕದಲ್ಲಿ ಮಿಕ್ಸೊಮಾಟೋಸಿಸ್ ರೋಗ ಹರಡಿ ಮೊಲಗಳು ಸತ್ತುಹೋದ ಮೇಲೆ ಸಮಸ್ಯೆ ತಿರುವುಮುರುವಾಯಿತು. ಮೇಯುವ ಪ್ರಾಣಿಗಳಿಲ್ಲದೆ ಪೊದೆ ದಟ್ಟವಾಗಿ, ಬರಿ ಮರಳನ್ನೇ ನಂಬಿದ ಸಣ್ಣ ಸಸ್ಯಗಳಿಗೆ ಜಾಗ ಸಾಲದಾಯಿತು. 1976ರಲ್ಲಿ ಯುನೆಸ್ಕೋ ಜೀವಗೋಳ ಮೀಸಲು ಪ್ರದೇಶವೆಂದು ಗುರುತಿಸಿದ ಈ ದಿಬ್ಬಗಳಲ್ಲಿ ಈಗ ಪೊದೆ ಕಡಿಯುವುದೂ ದನ ಮೇಯಿಸುವುದೂ ಸಂರಕ್ಷಣೆಯ ಕೆಲಸಗಳೇ. ಹೀಗಾಗಿ ಕಾಂಕ್ರೀಟ್ ಕುರುಹುಗಳನ್ನು ಬಿಡಿಸಿ ಇಡುವುದಕ್ಕೂ ಪ್ರಕೃತಿಯನ್ನು ಕಾಯುವುದಕ್ಕೂ ಇಲ್ಲಿ ವಿರೋಧವೇನೂ ನನಗೆ ಕಾಣುವುದಿಲ್ಲ. ಎರಡಕ್ಕೂ ಬೇಕಾದದ್ದು ಪೊದೆ ತೆರವುಗೊಂಡ ನೆಲವೇ.

ಬ್ರಿಟನ್ನಿನಲ್ಲಿರುವ ಕನ್ನಡಿಗ ಮಿತ್ರರು ಮಕ್ಕಳೊಡನೆ ಸಾಂಟನ್ ತೀರಕ್ಕೆ ಹೋದಾಗ ಒಂದೆರಡು ಗಂಟೆಯನ್ನು ಈ ದಿಬ್ಬಗಳಿಗೂ ಮೀಸಲಿಡಬೇಕೆಂದು ಕೇಳಿಕೊಳ್ಳುತ್ತೇನೆ. ಇಂದಿಗೂ ಇಲ್ಲಿ ಸೇನೆಯ ತರಬೇತಿ ನಡೆಯುವುದರಿಂದ ಕೆಂಪು ಬಾವುಟ ಹಾರುತ್ತಿದ್ದರೆ ಆ ಭಾಗಕ್ಕೆ ಹೋಗಬಾರದು; ಮರಳಿನಲ್ಲಿ ತುಕ್ಕು ಹಿಡಿದ ಲೋಹದ ತುಂಡೇನಾದರೂ ಕಂಡರೆ ಮುಟ್ಟದೆ ದೂರ ಸರಿದು ಪೊಲೀಸರಿಗೆ ತಿಳಿಸಬೇಕು.