ಬರೆದಿದ್ದೂ ಅಲ್ಲ, ಅಂಟಿಸಿದ್ದೂ ಅಲ್ಲ

"ಮೇಡಂ, ಇದು ನೀವೇ ಬರೆದಿದ್ದಾ, ಇಲ್ಲಾ ಪ್ರಿಂಟ್ ತೆಗೆಸಿ ಅಂಟಿಸಿದ್ದಾ?"

ನನ್ನ ಚಿತ್ರಗಳ ಮುಂದೆ ನಿಂತವರಲ್ಲಿ ಮುಕ್ಕಾಲು ಪಾಲು ಜನ ಕೇಳುವುದು ಇದನ್ನೇ. ನೆಂಟರು ಕೇಳುತ್ತಾರೆ, ಫ್ರೇಮ್ ಹಾಕುವ ಅಂಗಡಿಯವರು ಕೇಳುತ್ತಾರೆ, ಮದುವೆ ಮನೆಯಲ್ಲಿ ಊಟಕ್ಕೆ ಪಕ್ಕ ಕೂತವರು ಫೋನಿನಲ್ಲಿ ಫೋಟೊ ನೋಡಿ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಉತ್ತರ: ಎರಡೂ ಅಲ್ಲ. ಫೋಟೊದ ಜೆರಾಕ್ಸ್ ಕಾಪಿಯ ಮಸಿಯನ್ನು ಕಾಗದದಿಂದ ಬಿಡಿಸಿ ಹಲಗೆಯ ಮೇಲೆ ಇಳಿಸಿದ್ದು. ಇಮೇಜ್ ಟ್ರಾನ್ಸ್‌ಫರ್ ಅನ್ನುತ್ತಾರೆ. ಅಂಟಿಸಿದರೆ ಕಾಗದ ಉಳಿಯುತ್ತದೆ, ಇಲ್ಲಿ ಕಾಗದವೇ ಇರುವುದಿಲ್ಲ. ಇಷ್ಟು ಹೇಳಿದರೆ ಯಾರೂ ನಂಬುವುದಿಲ್ಲ, ಆದ್ದರಿಂದ ವಿವರವಾಗಿಯೇ ಹೇಳುತ್ತೇನೆ.

ಜೆರಾಕ್ಸ್ ಮತ್ತು ಲೇಸರ್ ಪ್ರಿಂಟರಿನಲ್ಲಿ ಇರುವುದು ಶಾಯಿಯಲ್ಲ, ಟೋನರ್. ಪ್ಲಾಸ್ಟಿಕ್ಕಿನ ನುಣ್ಣನೆ ಪುಡಿ, ಅದರೊಳಗೆ ಕಾಡಿಗೆಯಂಥ ಇಂಗಾಲ. ಮೆಷಿನ್ನು ಅದನ್ನು ಶಾಖದಿಂದ ಕರಗಿಸಿ ಕಾಗದಕ್ಕೆ ಕಚ್ಚಿಸುತ್ತದೆ. ನೀರು ಅದನ್ನು ಏನೂ ಮಾಡಲಾರದು. ನಮ್ಮ ಕೆಲಸ ನಿಂತಿರುವುದೇ ಇದರ ಮೇಲೆ. ಹಲಗೆಗೆ ಅಕ್ರಿಲಿಕ್ ಜೆಲ್ ಮೀಡಿಯಂ (ಅಕ್ರಿಲಿಕ್ ಬಣ್ಣಕ್ಕೆ ಬೆರೆಸುವ, ಬಣ್ಣವಿಲ್ಲದ ಅಂಟುಲೇಪ) ಬಳಿದು, ಪ್ರಿಂಟನ್ನು ಮುಖ ಕೆಳಗೆ ಮಾಡಿ ಕೂರಿಸಿ, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ನಡುವಿನಿಂದ ಅಂಚಿಗೆ ಎಳೆದು ಗಾಳಿಗುಳ್ಳೆ ಹೊರಡಿಸಬೇಕು. ರಾತ್ರಿಯಿಡೀ ಒಣಗಲಿ. ಬೆಳಿಗ್ಗೆ ಕಾಗದದ ಬೆನ್ನಿಗೆ ನೀರು ಚಿಮುಕಿಸಿ, ಬೆರಳ ತುದಿಯಿಂದ ಉಜ್ಜಬೇಕು. ಉಗುರು ತಾಗಬಾರದು. ನೆನೆದ ಕಾಗದ ಶಾವಿಗೆಯ ಹಾಗೆ ಎಳೆ ಎಳೆಯಾಗಿ ಸುರುಳಿ ಸುತ್ತಿಕೊಂಡು ಬರುತ್ತದೆ. ಕೆಳಗೆ, ಒಣಗಿದ ಜೆಲ್ಲಿನ ಪೊರೆಯಲ್ಲಿ ಹೂತುಕೊಂಡು, ಟೋನರ್ ಮಾತ್ರ ಉಳಿಯುತ್ತದೆ.

ಒದ್ದೆಯಿದ್ದಾಗ ಎಲ್ಲ ಚೊಕ್ಕಟವಾಗಿ ಕಾಣುತ್ತದೆ. ಒಣಗುತ್ತಿದ್ದಂತೆ ಬಿಳಿ ಮಂಜು ಕವಿಯುತ್ತದೆ. ಅದು ಇನ್ನೂ ಅಂಟಿಕೊಂಡಿರುವ ಕಾಗದದ ನಾರು. ಮತ್ತೆ ನೀರು, ಮತ್ತೆ ಉಜ್ಜುವುದು. ಒಂದು ಎಳೆ ಹೆಚ್ಚು ಒತ್ತಿದರೆ ಟೋನರೇ ಎದ್ದು ಬರುತ್ತದೆ, ಕೆನ್ನೆಯಲ್ಲೊಂದು ತೂತು. ಕಡಿಮೆ ಒತ್ತಿದರೆ ಮುಖ ಮಸುಕು. ಕೊನೆಗೆ ಉಳಿದ ತೆಳು ಮಂಜಿನ ಮೇಲೆ ಇನ್ನೊಂದು ಕೈ ಜೆಲ್ ಎಳೆದರೆ ಅದು ಬಹುಮಟ್ಟಿಗೆ ಕಾಣದಂತಾಗುತ್ತದೆ. "ಮೆಷಿನ್ ಮಾಡುತ್ತಲ್ವಾ" ಅನ್ನುವವರು ಒಂದು ಮುಖವನ್ನು ಉಜ್ಜಿ ನೋಡಲಿ.

ಒಮ್ಮೆ ಚಿತ್ರಸಂತೆಯಲ್ಲಿ ಕೂತಿದ್ದೆ. ಗೊತ್ತಿಲ್ಲದವರಿಗೆ: ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ನಡೆಸುವ ಸಂತೆ ಅದು. ಜನವರಿಯಲ್ಲಿ ಒಂದು ಭಾನುವಾರ ಕುಮಾರಕೃಪಾ ರಸ್ತೆಯ ಉದ್ದಕ್ಕೂ ಕಲಾವಿದರು ಚಿತ್ರ ಹರಡಿಕೊಂಡು ಕೂರುತ್ತಾರೆ, ಊರಿಗೆ ಊರೇ ಬರುತ್ತದೆ. ನನಗೆ ಅದರ ಮೇಲೆ ಬಹಳ ಪ್ರೀತಿ. ಗ್ಯಾಲರಿಯ ಬಾಗಿಲು ದಾಟಲು ಹಿಂಜರಿಯುವವರೂ ಅಲ್ಲಿ ಧೈರ್ಯವಾಗಿ ಮಾತಾಡುತ್ತಾರೆ. ಅವತ್ತು ಹಿರಿಯರೊಬ್ಬರು ಕನ್ನಡಕ ಹಣೆಗೇರಿಸಿ ನನ್ನ ದೊಡ್ಡ ಹಲಗೆಯ ಮುಂದೆ ಬಗ್ಗಿದರು.

"ಏನಮ್ಮಾ, ಜೆರಾಕ್ಸ್ ಕಾಪಿಗೆ ಎರಡು ರೂಪಾಯಿ. ನೀನು ಸಾವಿರಗಟ್ಟಲೆ ಹೇಳ್ತೀಯಲ್ಲ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹಲಗೆಯ ಮೂಲೆಯನ್ನು ಉಗುರಿನಿಂದ ಕೆರೆದರು. "ಸರ್, ದಯವಿಟ್ಟು ಮುಟ್ಟಬೇಡಿ" ಅಂದೆ. ಅವರು ಹುಡುಕುತ್ತಿದ್ದದ್ದು ಕಾಗದದ ಅಂಚನ್ನು. ಸಿಗಲಿಲ್ಲ. "ಕಾಗದ ಎಲ್ಲಿ ಹೋಯ್ತು?" ಅಂದರು. ಇಡೀ ದಿನದಲ್ಲಿ ಕೇಳಿದ ಒಳ್ಳೆಯ ಪ್ರಶ್ನೆ ಅದು. ನನಗೆ ಖುಷಿಯಾಗಿ, ನೀರು, ಉಜ್ಜುವುದು ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, "ಹಾಗಾದ್ರೆ ಬರೆಯೋಕೆ ಬರಲ್ವಾ ನಿನಗೆ?" ಅಂದರು.

ಬರುತ್ತದೆ, ಸ್ವಾಮಿ. ಬರುತ್ತದೆ. ವರ್ಷಗಟ್ಟಲೆ ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ಬರೆದಿದ್ದೇನೆ, ಈಗಲೂ ಬಸ್ಸಿನಲ್ಲಿ ಕೂತವರ ಕೈಗಳನ್ನು ಸ್ಕೆಚ್ ಮಾಡುತ್ತೇನೆ. ಅದನ್ನು ತೋರಿಸಿದರೆ ಈ ಚಿತ್ರದ ಬೆಲೆ ಏಕೆ ಏರಬೇಕು? ಬರೆಯಲು ಬರದವರು ಹಿಡಿಯುವ ಒಳದಾರಿ ಇದು ಅನ್ನುವ ಗುಮಾನಿಯೇ ನನಗೆ ಸಿಟ್ಟು ತರಿಸುವುದು.

ಇದು ಕಂಪ್ಯೂಟರ್ ಕಾಲದ ಕೈಚಳಕವೂ ಅಲ್ಲ. ಲಿವರ್‌ಪೂಲಿನ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ 1756ರಲ್ಲಿ ಅಚ್ಚಿನ ಚಿತ್ರವನ್ನು ಪಿಂಗಾಣಿ ಬಿಲ್ಲೆಗಳಿಗೆ ಇಳಿಸಿ, ಆರು ಗಂಟೆಯಲ್ಲಿ 1200ಕ್ಕೂ ಹೆಚ್ಚು ಮುಗಿಸಿದೆವೆಂದು ಪ್ರಮಾಣಪತ್ರ ಬರೆದುಕೊಟ್ಟಿದ್ದರು. ನಮ್ಮ ಎಂಬ್ರಾಯ್ಡರಿ ಅಂಗಡಿಗಳಲ್ಲಿ ಬಟರ್ ಪೇಪರಿನ ಮೇಲೆ ಬಳ್ಳಿ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಸೀರೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯನ್ನು ಬಟ್ಟೆಯುಂಡೆಯಿಂದ ಒರೆಸುವುದನ್ನು ನೀವೂ ನೋಡಿರುತ್ತೀರಿ. ಆ ಸೀರೆ ಉಟ್ಟವರನ್ನು "ಇದು ಟ್ರೇಸಿಂಗಾ?" ಅಂತ ಯಾರೂ ಕೇಳುವುದಿಲ್ಲ. (ಧಾರವಾಡದ ಕಸೂತಿಯವರು ಗೆರೆಯೇ ಇಲ್ಲದೆ ಎಳೆ ಎಣಿಸಿ ಹಾಕುತ್ತಾರೆ. ಆ ವಿದ್ಯೆಗೆ ನನ್ನ ನಮಸ್ಕಾರ.)

ಇನ್ನು ರಾಬರ್ಟ್ ರೌಶೆನ್‌ಬರ್ಗ್. ಈ ಅಮೆರಿಕನ್ ಕಲಾವಿದ 1958ರಿಂದ 1960ರವರೆಗೆ ಕೂತು, ಇಟಲಿಯ ಕವಿ ಡಾಂಟೆಯ ಮಹಾಕಾವ್ಯದಲ್ಲಿ ಬರುವ ನರಕಕಾಂಡದ 34 ಸರ್ಗಗಳಿಗೆ 34 ಚಿತ್ರ ಮಾಡಿದ. ಪತ್ರಿಕೆಯ ಚಿತ್ರಗಳನ್ನು ದ್ರಾವಕದಲ್ಲಿ ನೆನೆಸಿ, ಕಾಗದದ ಮೇಲೆ ಬೋರಲು ಹಾಕಿ, ಮಸಿಯಿಲ್ಲದ ಪೆನ್ನಿನಿಂದ ಬೆನ್ನನ್ನು ಗೀಚಿದ. ಗೀಚಿದ ಕಡೆ ಮಾತ್ರ ಚಿತ್ರ ಇಳಿಯಿತು. ಹಾಗಾಗಿ ಅಲ್ಲಿನ ಪ್ರತಿ ಮುಖವೂ ಅವನ ಕೈಯ ಓರೆ ಗೆರೆಗಳಿಂದಲೇ ಆಗಿದೆ. ಬರೆದದ್ದೋ ಇಳಿಸಿದ್ದೋ ಅಂತ ಬೇರ್ಪಡಿಸಲು ಬರುವುದಿಲ್ಲ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವನ್ನು ಇಟ್ಟುಕೊಂಡಿದೆ.

ಸರಿ, ನನ್ನ ವಾದ ಮುಗಿಯಿತು. ನನಗೆ ಬೇಕಾದ ಪ್ರಶ್ನೆ ಬೇರೆಯೇ ಇದೆ, ಅದನ್ನು ಯಾರೂ ಕೇಳುವುದಿಲ್ಲ: ಆ ಮುಖದ ಕೆಳಗೆ ಏನಿದೆ?

ಜೆರಾಕ್ಸ್ ಮೆಷಿನ್ನಿನಲ್ಲಿ ಬಿಳಿ ಬಣ್ಣ ಇಲ್ಲ. ಪ್ರಿಂಟಿನಲ್ಲಿ ಬಿಳಿಯಾಗಿ ಕಾಣುವುದು ಕಾಗದ. ಕಾಗದವನ್ನು ಉಜ್ಜಿ ತೆಗೆದ ಮೇಲೆ ಆ ಜಾಗ ಖಾಲಿ, ಕೆಳಗೆ ಏನಿದೆಯೋ ಅದು ಮೇಲೆ ಕಾಣುತ್ತದೆ. ಹಲಗೆಗೆ ಕಾವಿ ಬಳಿದಿದ್ದರೆ ಅಜ್ಜನ ಬಿಳಿ ಪಂಚೆ ಕಾವಿಯಾಗುತ್ತದೆ. ನಾನು ಹುಟ್ಟಿದ ಉತ್ತರ ಕನ್ನಡದ ಹಳೆಯ ದೇವಸ್ಥಾನಗಳ ಗೋಡೆಗಳಲ್ಲಿ ಕಾವಿ ಕಲೆ ಇದೆ. ಸುಣ್ಣದ ಗಾರೆಯ ಮೇಲೆ ಕೆಂಪು ಲೇಪ ಕೊಟ್ಟು, ಕೆಂಪನ್ನು ಹೆರೆದು ಕೆಳಗಿನ ಬಿಳಿಯಿಂದ ಚಿತ್ರ ತೆಗೆಯುವುದು. ಕೆಳಗಿನ ಪದರ ಮೇಲಿನ ಪದರದ ಒಳಗೆ ಬರುವುದನ್ನು ನಾನು ಮೊದಲು ನೋಡಿದ್ದು ಅಲ್ಲಿ.

ಆ ಹಿರಿಯರು ಕೆರೆದ ಹಲಗೆಯಲ್ಲಿ ಇರುವುದು ನನ್ನ ಅಜ್ಜಿ. ಮನೆಯ ಜಗಲಿಯಲ್ಲಿ ನಿಂತ ಕಪ್ಪುಬಿಳುಪು ಫೋಟೊ, ತಿಳಿ ಬಣ್ಣದ ಸೀರೆ. ಅದಕ್ಕೂ ಮೊದಲು ಆ ಹಲಗೆಗೆ ನಮ್ಮ ಅಡಿಕೆ ತೋಟದ ಹಳೆಯ ಪಹಣಿಯನ್ನು ಇಳಿಸಿದ್ದೆ, ಕೈಬರಹದ ಪಹಣಿ. ಚಿತ್ರ ಇಳಿಸುವಾಗ ಎಡ ಬಲವಾಗುತ್ತದೆ, ಹಾಗೇ ಇಳಿಸಿದರೆ ಒತ್ತಕ್ಷರಗಳೆಲ್ಲ ಎಡಕ್ಕೆ ಜೋತು ಬೀಳುತ್ತವೆ. ಅದಕ್ಕೇ ಪ್ರಿಂಟ್ ಹಾಕುವ ಮೊದಲೇ ಕನ್ನಡಿಬಿಂಬ ಮಾಡಿಕೊಂಡಿರಬೇಕು. ಅದು ಒಣಗಿದ ಮೇಲೆ, ಮೇಲೆ ಅಜ್ಜಿ. ಅವಳ ಕೂದಲು, ಕಣ್ಣು, ಜಗಲಿಯ ಕಂಬದ ನೆರಳು ಎಲ್ಲ ದಟ್ಟ ಕಪ್ಪು. ಅಲ್ಲಿ ಪಹಣಿ ಮುಚ್ಚಿಹೋಗಿದೆ. ಸೀರೆಯಲ್ಲಿ ಪೂರ್ತಿ ಓದಲು ಬರುತ್ತದೆ. ಸರ್ವೆ ನಂಬರು ಮಂಡಿಯ ಹತ್ತಿರ, ಎಕರೆ ಗುಂಟೆ ಸೊಂಟದ ಹತ್ತಿರ, ಕಬ್ಜೆದಾರರ ಹೆಸರು ಸೆರಗಿನ ಮೇಲೆ. ಆ ಹೆಸರು ಅಜ್ಜನದು. ಆಮೇಲಿನ ಪಹಣಿಗಳಲ್ಲಿ ಮಾವಂದಿರದು. ತೋಟಕ್ಕೆ ನೀರು ಬಿಟ್ಟು, ಅಡಿಕೆ ಸುಲಿದು, ಆಳುಗಳಿಗೆ ಲೆಕ್ಕ ಹೇಳಿ ಸವೆದವಳ ಹೆಸರು ಯಾವ ಕಾಲಮ್ಮಿನಲ್ಲೂ ಬರಲಿಲ್ಲ.

ಇದನ್ನು ಪೆನ್ಸಿಲ್ಲಿನಲ್ಲಿ ಬರೆಯಬಹುದಿತ್ತು. ಆಗ ಅದು ನಾನು ಬರೆದ ಪಹಣಿಯಾಗುತ್ತಿತ್ತು. ನನಗೆ ಬೇಕಿದ್ದದ್ದು ಶಾನುಭೋಗರ ಕೈಯ ಅಕ್ಷರವೇ, ಕ್ಯಾಮೆರಾ ಕಂಡ ಅಜ್ಜಿಯೇ. ಎರಡೂ ಸಾಕ್ಷಿಗಳು. ಸಾಕ್ಷಿಯನ್ನು ನಾನು ತಿದ್ದಿ ಬರೆಯಬಾರದು, ಒಂದರ ಮೇಲೊಂದು ಇಡಬಹುದು.

"ಮೂಲ ಫೋಟೊ ಹಾಳಾಯ್ತಾ" ಅನ್ನುವವರಿಗೆ: ಇಲ್ಲ, ಅದು ಅಮ್ಮನ ಟ್ರಂಕಿನಲ್ಲಿದೆ. ಉಜ್ಜಿದ್ದು ಕಾಪಿಯನ್ನು.

"ನಮ್ಮ ಮಗಳಿಗೂ ಕಲಿಸ್ತೀರಾ" ಅನ್ನುವವರಿಗೆ: ಖಂಡಿತ. ಜೆರಾಕ್ಸೋ ಲೇಸರ್ ಪ್ರಿಂಟೋ ತರಲಿ. ಮನೆಯ ಇಂಕ್‌ಜೆಟ್ ಶಾಯಿ ಬಹುಪಾಲು ನೀರಿಗೆ ಕರಗುವಂಥದು, ಒದ್ದೆ ಮಾಡಿದೊಡನೆ ಹರಡುತ್ತದೆ. ಜೆಲ್ ಬದಲು ಮರಕ್ಕೆ ಹಾಕುವ ಬಿಳಿ ಗೋಂದು ಬೇಡ, ಅದು ನೀರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ಬಟ್ಟೆಗೆ ಇಳಿಸುವುದಾದರೆ ಅಸಿಟೋನ್ ಸವರಿ ಚಮಚದ ಬೆನ್ನಿನಿಂದ ಉಜ್ಜುವ ದಾರಿ ಇದೆ, ಆದರೆ ಅದರ ಆವಿಗೆ ಬೇಗ ಬೆಂಕಿ ಹತ್ತುತ್ತದೆ. ಮಕ್ಕಳ ಕೈಗೆ ಕೊಡುವುದಿಲ್ಲ. ನೀಲಗಿರಿ ಎಣ್ಣೆಯಿಂದಲೂ ಟೋನರ್ ಮೆತ್ತಗಾಗುತ್ತದೆ, ಕಿಟಕಿ ತೆರೆದಿಟ್ಟು ಅದನ್ನು ಬಳಸಬಹುದು. ಪತ್ರಿಕೆಯಿಂದ ಯಾರದೋ ಫೋಟೊ ಕತ್ತರಿಸಿ ತರುವುದು ಬೇಡ, ಅದು ಇನ್ನೊಬ್ಬರ ಕೆಲಸ. ಮನೆಯ ಫೋಟೊ ತರಲಿ. ಅದರ ಕೆಳಗೆ ಏನು ಹಾಕಬೇಕು ಅನ್ನುವುದನ್ನು ಬರುವ ಮೊದಲೇ ಯೋಚಿಸಿಕೊಂಡಿರಲಿ, ಅದನ್ನು ಮಾತ್ರ ನಾನು ಹೇಳಿಕೊಡುವುದಿಲ್ಲ.