ಕಣ್ಣಾಸ್ಪತ್ರೆಯ ಪಕ್ಕದ ಬೀದಿಯಲ್ಲಿ

ಅಮೆರಿಕದ ಬಾಲ್ಟಿಮೋರ್ ನಗರದ ಪೂರ್ವಭಾಗದಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಸೇರಿದ ವಿಲ್ಮರ್ ನೇತ್ರ ಸಂಸ್ಥೆ ಇದೆ. 1925ರಲ್ಲಿ ಆರಂಭವಾದ ಈ ಸಂಸ್ಥೆಗೆ ಕಣ್ಣು ತೋರಿಸಿಕೊಳ್ಳಲು ದೇಶವಿದೇಶಗಳಿಂದ ಜನ ಬರುತ್ತಾರೆ. 1980ರ ದಶಕದಲ್ಲಿ ಅಲ್ಲಿನ ಸಂಶೋಧಕರು ಪೂರ್ವ ಬಾಲ್ಟಿಮೋರಿನ ಬಡಾವಣೆಗಳಿಗೇ ಹೋಗಿ, ನಲವತ್ತು ವರ್ಷ ತುಂಬಿದ 5,308 ಮಂದಿಯ ಕಣ್ಣುಗಳನ್ನು ಪರೀಕ್ಷಿಸಿದರು. 1991ರಲ್ಲಿ ಪ್ರಕಟವಾದ ಫಲಿತಾಂಶವನ್ನು ಓದಿದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಅಂಕಿ: ಅಲ್ಲಿನ ಕಪ್ಪು ಜನರ ಕುರುಡುತನದಲ್ಲಿ ಶೇ. 27ರಷ್ಟಕ್ಕೆ ಕಾರಣ ಶಸ್ತ್ರಚಿಕಿತ್ಸೆ ಆಗದೇ ಉಳಿದ ಕಣ್ಣಿನ ಪೊರೆ.

ಪೊರೆ ಯಾವ ಜನಾಂಗದವರಿಗೆ ಬಂದರೂ ಅದನ್ನು ತೆಗೆಯುವ ವಿಧಾನ ಒಂದೇ, ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ಆ ಶಸ್ತ್ರಚಿಕಿತ್ಸೆಗೆ ಹೆಸರಾದ ಆಸ್ಪತ್ರೆ ಇರುವ ನಗರಭಾಗದಲ್ಲೇ ಜನ ಪೊರೆಯಿಂದ ಕುರುಡಾಗಿದ್ದರು ಎಂದರೆ, ಅದನ್ನು ರಕ್ತದ ಗುಣ ಎಂದು ವಿವರಿಸಲು ಸಾಧ್ಯವಿಲ್ಲ. ಗ್ಲಾಕೋಮಾದ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ರೋಗ) ವಿಷಯದಲ್ಲಿ ಹಾಗೆ ವಿವರಿಸುವ ಆಸೆ ಹಲವರಿಗೆ ಬರುತ್ತದೆ. ಅದೇ ಸಮೀಕ್ಷೆಯಲ್ಲಿ ಕಪ್ಪು ಜನರ ಕುರುಡುತನದ ಶೇ. 19ರಷ್ಟಕ್ಕೆ ಗ್ಲಾಕೋಮಾ ಕಾರಣವಾಗಿತ್ತು. ಬಿಳಿಯರಿಗೆ ಹೋಲಿಸಿದರೆ ಅದರಿಂದ ಅವರು ದೃಷ್ಟಿ ಕಳೆದುಕೊಳ್ಳುವುದು ಆರು ಪಟ್ಟು ಹೆಚ್ಚಾಗಿತ್ತು, ಅದೂ ಸರಾಸರಿ ಹತ್ತು ವರ್ಷ ಮೊದಲೇ. ವಂಶವಾಹಿಯ ಪಾತ್ರ ಇಲ್ಲಿ ಖಂಡಿತ ಇದೆ. ಆಫ್ರಿಕನ್ ಮೂಲದವರಲ್ಲಿ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಸರಾಸರಿ ತೆಳುವಾಗಿರುವುದರಿಂದ ಯಂತ್ರವು ಕಣ್ಣಿನ ಒತ್ತಡವನ್ನು ನಿಜಕ್ಕಿಂತ ಕಡಿಮೆ ತೋರಿಸುವ ಸಾಧ್ಯತೆಯೂ ಇದೆ. ಆದರೆ ರೋಗ ಬರುವುದು ಒಂದು, ರೋಗದಿಂದ ಕುರುಡಾಗುವುದು ಇನ್ನೊಂದು. ಇವೆರಡರ ನಡುವೆ ಏನೇನು ನಡೆಯುತ್ತದೆ ಎಂಬುದನ್ನು ನಾನು ದಿನವೂ ಕೆಲಸದಲ್ಲಿ ನೋಡುತ್ತೇನೆ.

ಇದೇ ನಗರದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ನಾನು ಟೆಕ್ನೀಷಿಯನ್. ಡಾಕ್ಟರು ನೋಡುವ ಮೊದಲು ಒತ್ತಡ ಅಳೆಯುವುದು, ಪಾಪೆ ಹಿಗ್ಗುವ ಹನಿ ಹಾಕುವುದು, ದೃಷ್ಟಿಕ್ಷೇತ್ರದ ಪರೀಕ್ಷೆ ಮಾಡಿಸುವುದು ನನ್ನ ಪಾಲಿನ ಕೆಲಸ. ಈ ಕೊನೆಯ ಪರೀಕ್ಷೆಯಲ್ಲಿ ಗದ್ದವನ್ನು ಯಂತ್ರದ ಮೇಲೆ ಊರಿ, ನಡುವಿನ ದೀಪವನ್ನೇ ದಿಟ್ಟಿಸುತ್ತ, ಅಕ್ಕಪಕ್ಕದಲ್ಲಿ ಚುಕ್ಕೆ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಬಸ್ ಓಡಿಸಿ ನಿವೃತ್ತರಾದ ಒಬ್ಬ ಕಪ್ಪು ಹೆಂಗಸು ಹಾಗೆ ಕುಳಿತಿದ್ದಾಗ, ಯಂತ್ರ ಚುಕ್ಕೆಗಳನ್ನು ತೋರಿಸುತ್ತಲೇ ಇತ್ತು, ಅವರ ಬೆರಳು ಅಲುಗಲಿಲ್ಲ. ಯಂತ್ರ ಕೆಟ್ಟಿದೆಯೇ ಎಂದು ಅವರೇ ಕೇಳಿದರು. ಅಚ್ಚಾಗಿ ಬಂದ ಹಾಳೆಯಲ್ಲಿ ಎಡಗಣ್ಣಿನ ಮೇಲ್ಭಾಗವೆಲ್ಲ ಕಪ್ಪಾಗಿತ್ತು. ಗ್ಲಾಕೋಮಾದ ಹನಿ ತಪ್ಪಿಸುತ್ತಿದ್ದೀರಾ ಎಂದು ವಿಚಾರಿಸಿದಾಗ, "ತಪ್ಪಿಸುವುದಿಲ್ಲಮ್ಮ, ಕೈ ನಡುಗಿ ಒಂದೊಂದು ಹನಿ ಕೆನ್ನೆಗೆ ಬೀಳುತ್ತದೆ, ಬಾಟಲಿ ಬೇಗ ಮುಗಿಯುತ್ತದೆ, ವಿಮೆಯವರು ಇನ್ನೂ ಅವಧಿ ಆಗಿಲ್ಲ ಎನ್ನುತ್ತಾರೆ" ಎಂದರು. ಅವರ ಕಡತದಲ್ಲಿ ಹಿಂದೆ ಯಾರೋ ಬರೆದಿಟ್ಟಿದ್ದ ಮಾತು: ರೋಗಿ ಔಷಧವನ್ನು ಸರಿಯಾಗಿ ಬಳಸುವುದಿಲ್ಲ.

ಪಾಪೆ ಹಿಗ್ಗಿದ ಮೇಲೆ ಗಾಡಿ ಓಡಿಸುವಂತಿಲ್ಲ. ಜೊತೆಗೆ ಬಂದ ಮಗಳದೋ ಮೊಮ್ಮಗನದೋ ಒಂದು ದಿನದ ಸಂಬಳ ಹೋಗುತ್ತದೆ. ಗಾಢ ಬಣ್ಣದ ಕಣ್ಣಿನ ಪಾಪೆ ಹಿಗ್ಗಲು ಹೆಚ್ಚು ಹೊತ್ತು ಬೇಕು ಎಂಬುದು (ನಮ್ಮ ಕಣ್ಣುಗಳೂ ಹಾಗೆಯೇ) ಗೊತ್ತಿದ್ದರೂ, ಭೇಟಿಯ ಸಮಯವನ್ನು ಮಾತ್ರ ಎಲ್ಲರಿಗೂ ಒಂದೇ ಅಳತೆಯಲ್ಲಿ ಕತ್ತರಿಸಿ ಕೊಡಲಾಗುತ್ತದೆ.

ಇದರ ಬೇರು ಕ್ಲಿನಿಕ್ಕಿನ ಹೊರಗಿದೆ. ಯಾವ ಬೀದಿಯಲ್ಲಿ ಯಾವ ಬಣ್ಣದವರು ವಾಸಿಸಬೇಕು ಎಂದು ಕಾನೂನು ಮಾಡಿದ ಅಮೆರಿಕದ ಮೊದಲ ನಗರ ಬಾಲ್ಟಿಮೋರ್, 1910ರಲ್ಲಿ. ಅಂಥ ಕಾನೂನುಗಳನ್ನು ಸುಪ್ರೀಂ ಕೋರ್ಟು 1917ರಲ್ಲಿ ರದ್ದು ಮಾಡಿದರೂ, ಕಪ್ಪು ಬಡಾವಣೆಗಳನ್ನು ಸಾಲಕ್ಕೆ ಅನರ್ಹವೆಂದು ಕೆಂಪು ಬಣ್ಣದಲ್ಲಿ ಗುರುತಿಸಿದ 1930ರ ದಶಕದ ನಕ್ಷೆಗಳು ಅದೇ ಕೆಲಸವನ್ನು ಮುಂದುವರಿಸಿದವು. ಆಸ್ಪತ್ರೆಯ ಮೇಲಿನ ಅಪನಂಬಿಕೆಗೂ ಚರಿತ್ರೆ ಇದೆ: 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಜೀವಕೋಶಗಳನ್ನು ಕೇಳದೆಯೇ ಸಂಶೋಧನೆಗೆ ತೆಗೆದುಕೊಂಡದ್ದು ಈ ಊರಿನಲ್ಲೇ. ಆ ಹೆಸರನ್ನು ನಾನು ರೋಗಿಗಳ ಬಾಯಲ್ಲೇ ಕೇಳಿದ್ದೇನೆ.

ಇಲ್ಲಿನ ನಮ್ಮವರ ಕೂಟಗಳಲ್ಲಿ ಊಟದ ಹೊತ್ತಿಗೆ ಈ ವಿಷಯ ಬಂದರೆ, "ಅವರು ಆರೋಗ್ಯದ ಕಡೆ ಗಮನ ಕೊಡುವುದಿಲ್ಲ, ಅಷ್ಟೇ" ಎಂಬ ತೀರ್ಪು ಸುಲಭವಾಗಿ ಹೊರಡುತ್ತದೆ. ಹೇಳುವವರಲ್ಲಿ ವೈದ್ಯರೂ ಇರುತ್ತಾರೆ. ಕಪ್ಪು ಜನರ ಹೋರಾಟದ ಫಲವಾಗಿ 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಅದೇ ಕಾಲದ ಗಾಳಿಯಲ್ಲಿ 1965ರ ವಲಸೆ ಕಾಯ್ದೆ ಬಂದು, ಭಾರತದ ವೈದ್ಯರಿಗೂ ಎಂಜಿನಿಯರುಗಳಿಗೂ ಬಾಗಿಲು ತೆರೆಯಿತು. 1966ರಲ್ಲಿ ಹಿರಿಯರಿಗಾಗಿ ಸರಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಜಾರಿಯಾದಾಗ, ಸರಕಾರದ ಹಣ ಬೇಕಿದ್ದ ಆಸ್ಪತ್ರೆಗಳು ಕಪ್ಪು-ಬಿಳಿ ವಾರ್ಡುಗಳ ಭೇದವನ್ನು ಕೈಬಿಡಬೇಕಾಯಿತು. ಒಳ್ಳೆಯ ಕೆಲಸ ಮತ್ತು ಅದರೊಂದಿಗೆ ಬರುವ ವಿಮೆಯ ಸಮೇತ ನಾವು ಬಂದಿಳಿದದ್ದು ಹೀಗೆ ತೆರೆದ ಬಾಗಿಲಿನಿಂದ. ಹೀಗಿರುವಾಗ ಆ ತೀರ್ಪು ನನಗೆ ಕೃತಘ್ನತೆಯಂತೆ ಕೇಳಿಸುತ್ತದೆ.

ನ್ಯೂಯಾರ್ಕಿನ ಕಪ್ಪು ಬಡಾವಣೆ ಹಾರ್ಲೆಮ್‌ನಲ್ಲಿ ಹುಟ್ಟಿದ ಕಪ್ಪು ನೇತ್ರವೈದ್ಯೆ ಡಾ. ಪೆಟ್ರೀಷಿಯಾ ಬಾತ್ 1960ರ ದಶಕದ ಕೊನೆಯಲ್ಲಿ ಇದನ್ನೇ ಗಮನಿಸಿದ್ದರು. ಹಾರ್ಲೆಮ್ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಕುರುಡರು ತುಂಬಿದ್ದರೆ, ಅಷ್ಟೇನೂ ದೂರವಿಲ್ಲದ ಕೊಲಂಬಿಯಾ ವಿಶ್ವವಿದ್ಯಾಲಯದ ಕಣ್ಣಿನ ವಿಭಾಗದಲ್ಲಿ ಅಂಥವರು ವಿರಳವಾಗಿದ್ದರು. ಕೊಲಂಬಿಯಾದ ಪ್ರಾಧ್ಯಾಪಕರನ್ನು ಒಪ್ಪಿಸಿ ಅವರಿಂದ ಹಾರ್ಲೆಮ್‌ನಲ್ಲಿ ಉಚಿತವಾಗಿ ಶಸ್ತ್ರಚಿಕಿತ್ಸೆ ಮಾಡಿಸಿದ ಬಾತ್, ಕಣ್ಣಿನ ಆರೈಕೆಯನ್ನು ಜನರಿದ್ದಲ್ಲಿಗೇ ಒಯ್ಯುವ ಸಮುದಾಯ ನೇತ್ರವೈದ್ಯದ ಕಲ್ಪನೆಯನ್ನು ಮುಂದಿಟ್ಟರು. ಡಾ. ಎಂ. ಸಿ. ಮೋದಿಯವರ ಕಣ್ಣಿನ ಶಿಬಿರಗಳನ್ನು ಕಂಡ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬಾತ್ ಅವರ ಹಾದಿಯಲ್ಲಿ ಬಂದವರು ಕಡಿಮೆ: 2015ರಲ್ಲಿ ಅಮೆರಿಕದ ನೇತ್ರತಜ್ಞರಲ್ಲಿ ಕಪ್ಪು, ಹಿಸ್ಪಾನಿಕ್ ಮತ್ತು ಮೂಲನಿವಾಸಿ ಸಮುದಾಯಗಳವರು ಒಟ್ಟು ಸೇರಿ ಸುಮಾರು ಶೇ. 6 ಮಾತ್ರ.

ಬಾಲ್ಟಿಮೋರಿನಲ್ಲಿ ಸ್ವಲ್ಪ ಕೆಲಸ ನಡೆದಿದೆ. 2016ರಿಂದ ಸರಕಾರಿ ಶಾಲೆಗಳಿಗೇ ಹೋಗಿ ಮಕ್ಕಳ ಕಣ್ಣು ಪರೀಕ್ಷಿಸಿ, ಉಚಿತ ಕನ್ನಡಕ ಕೊಡುವ ಕಾರ್ಯಕ್ರಮವಿದೆ. 2,304 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಕನ್ನಡಕ ಸಿಕ್ಕ ಮೊದಲ ವರ್ಷ ಅಂಕಗಳು ಏರಿದವು. ಓದಿನಲ್ಲಿ ತೀರ ಹಿಂದುಳಿದಿದ್ದವರಿಗೆ ಹೆಚ್ಚು ಲಾಭವಾಯಿತು. ಅದೇ ಮನೆಗಳ ಅಜ್ಜಿಯರಿಗೆ, ಐವತ್ತು ದಾಟಿದ ಆಫ್ರಿಕನ್ ಅಮೆರಿಕನ್ನರು ಎಂಬ ಕಾರಣಕ್ಕೆ, ಮೆಡಿಕೇರ್ ವರ್ಷಕ್ಕೊಮ್ಮೆ ಗ್ಲಾಕೋಮಾ ತಪಾಸಣೆಯ ವೆಚ್ಚದ ಬಹುಪಾಲನ್ನು ಭರಿಸುತ್ತದೆ. ಆದರೆ ಮೂಲ ಮೆಡಿಕೇರ್‌ನಲ್ಲಿ ಕನ್ನಡಕ ಸಿಗುವುದು ಪೊರೆ ತೆಗೆದು ಲೆನ್ಸ್ ಹಾಕಿದ ಮೇಲೆ, ಒಂದು ಜೊತೆ.