ಡೆಸ್ಕ್‌ಟಾಪ್ ಆನ್ ಆಗ್ತಿಲ್ವಾ? ಎಸ್‌ಎಂಪಿಎಸ್ ಬದಲಿಸುವ ಮುಂಚೆ ಇಷ್ಟು ನೋಡಿ

ಆನ್ ಆಗ್ತಿಲ್ಲ ಅನ್ನುವ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ತೊಂದರೆ ಇರಬಹುದು. ಬಟನ್ ಒತ್ತಿದರೆ ಲೈಟೂ ಇಲ್ಲ, ಫ್ಯಾನೂ ಇಲ್ಲ. ಅಥವಾ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಇಲ್ಲವೇ ಫ್ಯಾನೆಲ್ಲ ತಿರುಗುತ್ತಲೇ ಇರುತ್ತದೆ, ಮಾನಿಟರ್ ಮಾತ್ರ ಕಪ್ಪು. ಮೂರಕ್ಕೂ ಹುಡುಕುವ ಜಾಗ ಬೇರೆ. ಇದನ್ನು ಗಮನಿಸದೆ ಸೀದಾ ಹೊಸ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸಿಕೊಡುವ ಡಬ್ಬಿ) ಹಾಕಿಸಿದರೆ ಎಷ್ಟೋ ಸಲ ದುಡ್ಡು ದಂಡ. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ, ಅದರಲ್ಲೂ ಮಲ್ಪೆ, ಉಳ್ಳಾಲದಂಥ ಕಡಲ ಬದಿಯ ಮನೆಗಳಲ್ಲಿ, ಪಾರ್ಟ್ ಚೆನ್ನಾಗಿಯೇ ಇದ್ದು ಕಾಂಟ್ಯಾಕ್ಟ್ ಕೆಟ್ಟು ನಿಂತ ಮೆಷಿನ್‌ಗಳು ಬಹಳ.

ಏನೂ ಜೀವವೇ ಇಲ್ಲದಿದ್ದರೆ ಗೋಡೆಯಿಂದ ಶುರುಮಾಡಿ. ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಆಮೇಲೆ ಯುಪಿಎಸ್, ಸ್ಪೈಕ್ ಬಸ್ಟರ್ ಎರಡನ್ನೂ ಬಿಟ್ಟು ಕೇಬಲ್ಲನ್ನು ನೇರ ಗೋಡೆಗೆ ಕೊಡಿ. ಮನೆಯಲ್ಲಿಡುವ 600 ವಿಎ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಎಎಚ್ ಬ್ಯಾಟರಿ ಇರುತ್ತದೆ. ಅದು ಪೂರ್ತಿ ಸತ್ತರೆ, ಕರೆಂಟ್ ಇದ್ದರೂ ಕೆಲವು ಯುಪಿಎಸ್ ಆನ್ ಆಗುವುದೇ ಇಲ್ಲ. ಎಸ್‌ಎಂಪಿಎಸ್ ಹಿಂದಿರುವ ಸಣ್ಣ ಸ್ವಿಚ್ ಗುಡಿಸಿ ಒರೆಸುವಾಗ ಆಫ್ ಆಗಿರುತ್ತದೆ, ಅದನ್ನೂ ನೋಡಿ. ಕೇಬಲ್ ಕಿತ್ತು, ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿದು, ಮತ್ತೆ ಹಾಕಿ. ವೋಲ್ಟೇಜ್ ಏರಿಳಿದು ಎಸ್‌ಎಂಪಿಎಸ್ ತನ್ನನ್ನು ತಾನೇ ಲಾಕ್ ಮಾಡಿಕೊಂಡಿದ್ದರೆ ಇಷ್ಟಕ್ಕೇ ಬಿಟ್ಟುಕೊಳ್ಳುತ್ತದೆ.

ಮುಂದಿನ ಗುಮಾನಿ ಪವರ್ ಬಟನ್ ಮೇಲೆ. ಅದರೊಳಗಿನ ಪುಟ್ಟ ಸ್ವಿಚ್ಚಿಗೆ ಉಪ್ಪುಗಾಳಿ ತಾಗಿ ಕಿಲುಬು ಹಿಡಿಯುತ್ತದೆ. ಕಂಪ್ಯೂಟರಿನ ಮುಖ್ಯ ಬೋರ್ಡ್ ಆದ ಮದರ್‌ಬೋರ್ಡಿನ ಮೂಲೆಯಲ್ಲಿ ಪಿಡಬ್ಲ್ಯುಆರ್ ಎಸ್‌ಡಬ್ಲ್ಯು (PWR SW) ಎಂದು ಬರೆದ ಎರಡು ಪಿನ್ ಇರುತ್ತವೆ. ಅದರ ವೈರ್ ತೆಗೆದು, ಸ್ಕ್ರೂಡ್ರೈವರ್ ತುದಿಯಿಂದ ಆ ಎರಡನ್ನು ಮಾತ್ರ ಒಂದು ಸೆಕೆಂಡ್ ಮುಟ್ಟಿಸಿ. ಆನ್ ಆಯಿತೋ, ಕೆಟ್ಟದ್ದು ಬಟನ್ನೇ. ರಿಸೆಟ್ ಬಟನ್ನಿನ ವೈರನ್ನು ಆ ಪಿನ್‌ಗೆ ಹಾಕಿದರೆ ಖರ್ಚಿಲ್ಲದೆ ಕೆಲಸ ಆಗುತ್ತದೆ.

ಇನ್ನೂ ಇಲ್ಲವೇ? ಮಲ್ಟಿಮೀಟರ್ ತೆಗೆಯಿರಿ. ಗೋಡೆಯ ಕರೆಂಟ್ ಆನ್ ಇದ್ದರೆ ಸಾಕು, ಕಂಪ್ಯೂಟರ್ ಓಡದಿದ್ದರೂ ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಬರುವ 24 ಪಿನ್ ಕನೆಕ್ಟರಿನ ನೇರಳೆ ತಂತಿಯಲ್ಲಿ 5 ವೋಲ್ಟ್ ಇರಲೇಬೇಕು. ಇದು ಸ್ಟ್ಯಾಂಡ್‌ಬೈ ವೋಲ್ಟೇಜ್, 4.75ರಿಂದ 5.25ರೊಳಗೆ ಇರಬೇಕು. ಕನೆಕ್ಟರ್ ಬೋರ್ಡಿನಲ್ಲಿರುವಾಗಲೇ ಕೆಂಪು ಪ್ರೋಬನ್ನು ನೇರಳೆ ತಂತಿಯ ಹಿಂಬದಿಯಿಂದ ತೂರಿಸಿ, ಕಪ್ಪು ಪ್ರೋಬನ್ನು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹಕ್ಕೆ ಮುಟ್ಟಿಸಿ ನೋಡಿ. ಏನೂ ತೋರಿಸದಿದ್ದರೆ ಕರೆಂಟ್ ತೆಗೆದು ಕನೆಕ್ಟರ್ ಕಿತ್ತು, ಮತ್ತೆ ಕರೆಂಟ್ ಕೊಟ್ಟು ಅಳೆಯಿರಿ. ಆಗಲೂ ಸೊನ್ನೆಯೇ ಬಂದರೆ ಎಸ್‌ಎಂಪಿಎಸ್ ಹೋಗಿದೆ. ಕಿತ್ತ ಮೇಲೆ 5 ಬಂದು, ಬೋರ್ಡಿಗೆ ಹಾಕಿದ ಕೂಡಲೇ 2, 3ಕ್ಕೆ ಕುಸಿದರೆ ಸಾಮಾನ್ಯವಾಗಿ ಬೋರ್ಡಿನಲ್ಲಿ ಶಾರ್ಟ್ ಇರುತ್ತದೆ. ಸ್ಟ್ಯಾಂಡ್‌ಬೈ ಸರ್ಕ್ಯೂಟ್ ಸೋತ ಹಳೇ ಎಸ್‌ಎಂಪಿಎಸ್ ಸಹ ಹೀಗೆ ಮಾಡುವುದುಂಟು. ಇನ್ನೊಂದು ಎಸ್‌ಎಂಪಿಎಸ್ ಎರವಲು ತಂದು ಹಾಕಿದರೆ ಯಾವುದೆಂದು ತಿಳಿಯುತ್ತದೆ.

ಹಸಿರು ತಂತಿಯನ್ನು ಕಪ್ಪು ತಂತಿಗೆ ಮುಟ್ಟಿಸಿ ಎಸ್‌ಎಂಪಿಎಸ್ ಓಡಿಸುವ ಪರೀಕ್ಷೆ ಎಲ್ಲರಿಗೂ ಗೊತ್ತು. ಹಸಿರಿನದು 16ನೇ ಪಿನ್, ಅದರ ಎರಡೂ ಪಕ್ಕದ 15 ಮತ್ತು 17 ಕಪ್ಪು. ಆದರೆ ಫ್ಯಾನ್ ತಿರುಗಿದ ಮಾತ್ರಕ್ಕೆ ಎಸ್‌ಎಂಪಿಎಸ್ ಸರಿಯಿದೆ ಎಂದು ನಂಬಬೇಡಿ. ಹಳದಿ ತಂತಿಯಲ್ಲಿ 11.4ರಿಂದ 12.6 ವೋಲ್ಟ್ ಬರುತ್ತಿದೆಯೇ ಎಂದು ಅಳೆದೇ ತೀರ್ಮಾನಿಸಿ. ಕೆಲವು ಬ್ರಾಂಡೆಡ್ ಮೆಷಿನ್‌ಗಳಲ್ಲಿ ಕನೆಕ್ಟರೇ ಬೇರೆ, ಅಲ್ಲಿ ಈ ಲೆಕ್ಕ ನಡೆಯದು. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಬಿಚ್ಚಲೇಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ (ಕರೆಂಟ್ ಹಿಡಿದಿಡುವ ಭಾಗ) 300 ವೋಲ್ಟಿಗಿಂತ ಹೆಚ್ಚು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು.

ಫ್ಯಾನ್ ಅರ್ಧ ಸುತ್ತಿಗೆ ನಿಂತರೆ ಸಾಮಾನ್ಯವಾಗಿ ಎಲ್ಲೋ ಶಾರ್ಟ್ ಇದ್ದು, ಎಸ್‌ಎಂಪಿಎಸ್ ತನ್ನ ರಕ್ಷಣೆಗೆ ನಿಲ್ಲುತ್ತಿರುತ್ತದೆ. ಹೀಗಿರುವಾಗ ಬಟನ್ ಮತ್ತೆ ಮತ್ತೆ ಒತ್ತಬೇಡಿ. ಗ್ರಾಫಿಕ್ಸ್ ಕಾರ್ಡ್, ಹಾರ್ಡ್ ಡಿಸ್ಕ್, ಮುಂಬದಿ ಯುಎಸ್‌ಬಿ ವೈರ್ ಎಲ್ಲ ತೆಗೆದು, ಪ್ರೊಸೆಸರ್, ಅದರ ಫ್ಯಾನ್, ಒಂದೇ ರ‍್ಯಾಮ್ ಇಟ್ಟು ನೋಡಿ. ಓಡಿತಾದರೆ ಒಂದೊಂದೇ ವಾಪಸ್ ಹಾಕುತ್ತಾ ಬನ್ನಿ. ಬಗ್ಗಿದ ಯುಎಸ್‌ಬಿ ಪಿನ್, ಬೋರ್ಡಿನಡಿಗೆ ಬಿದ್ದ ಸ್ಕ್ರೂ, ಬೆಚ್ಚಗಿದೆಯೆಂದು ಒಳಹೊಕ್ಕು ಸತ್ತ ಹಲ್ಲಿ, ಇರುವೆ ಗೂಡು, ಇವೆಲ್ಲ ನಮ್ಮ ಕಡೆ ಸಿಗುವಂಥವೇ. ಟಾರ್ಚ್ ಹಿಡಿದು ನೋಡಿ. ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಬೋರ್ಡ್ ರಿಪೇರಿಗೆ ಹೋಗಬೇಕು.

ಫ್ಯಾನ್ ತಿರುಗಿ ಡಿಸ್‌ಪ್ಲೇ ಇಲ್ಲದಿದ್ದರೆ ಮೊದಲು ರ‍್ಯಾಮ್. ಆಟಿಯ (ಜುಲೈ, ಆಗಸ್ಟ್ ಹೊತ್ತಿನ ತುಳು ತಿಂಗಳು) ಮಳೆ ಹೊತ್ತಿಗೆ ಅದರ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಬ್ಬು ಪೊರೆ ಕೂತಿರುತ್ತದೆ, ಓರೆಯಾಗಿ ಬೆಳಕಿಗೆ ಹಿಡಿದರೆ ಕಾಣುತ್ತದೆ. ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಪೂರ್ತಿ ಆರಿದ ಮೇಲೆ ಎರಡೂ ತುದಿ ಟಕ್ ಅನ್ನುವವರೆಗೆ ಒತ್ತಿ ಕೂರಿಸಿ. ಸ್ಲಾಟಿಗೆ ಬಾಯಿಂದ ಊದಬೇಡಿ, ಎಂಜಲಿನ ತೇವ ಹೊಸ ತೊಂದರೆ ತರುತ್ತದೆ. ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ ಕನೆಕ್ಟರ್ ಸಡಿಲವಾಗಿದ್ದರೂ ಹೀಗೇ ಆಗುತ್ತದೆ. ಬೋರ್ಡಿನಲ್ಲಿರುವ ನಾಣ್ಯದಂಥ ಸಿಆರ್2032 ಬ್ಯಾಟರಿ 2.8 ವೋಲ್ಟಿಗಿಂತ ಕೆಳಗಿದ್ದರೆ ಬದಲಿಸಿಬಿಡಿ, ಅಗ್ಗದ ವಸ್ತು.

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದಾ? ಸಾಮಾನ್ಯವಾಗಿ ಅರ್ಥಿಂಗ್ ಇಲ್ಲ ಅಥವಾ ಸರಿಯಿಲ್ಲ ಅಂತ ಅರ್ಥ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ಬೇಸಿಗೆಯಲ್ಲಿ ಒಣಗಿದಾಗ ಇದ್ದ ಅರ್ಥಿಂಗೂ ದುರ್ಬಲವಾಗುತ್ತದೆ. ಸಾಕೆಟ್ಟಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಇದ್ದರೆ ಅಡ್ಡಿಯಿಲ್ಲ. ಹತ್ತಿಪ್ಪತ್ತು ತೋರಿಸಿದರೆ ಎಲೆಕ್ಟ್ರಿಷಿಯನ್ ಬರಲಿ.

ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದ ಕೂಡಲೇ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೂ ಇಂಟರ್ನೆಟ್ ತರುವ ಲ್ಯಾನ್ ಕೇಬಲ್ಲನ್ನೂ ಕೀಳಬೇಕು. ಸಿಡಿಲಿನ ಹೊಡೆತ ಲ್ಯಾನ್ ತಂತಿಯಲ್ಲಿ ಬಂದರೆ ಬೋರ್ಡಿನ ಲ್ಯಾನ್ ಚಿಪ್ ಶಾರ್ಟ್ ಆಗಿ ಸ್ಟ್ಯಾಂಡ್‌ಬೈ ವೋಲ್ಟೇಜನ್ನೇ ಎಳೆದುಬಿಡಬಹುದು. ಸಿಡಿಲಿನ ಮರುದಿನ ಮೆಷಿನ್ ಸತ್ತಿದ್ದು, ನೇರಳೆ ತಂತಿ 2, 3 ವೋಲ್ಟ್ ತೋರಿಸುತ್ತಿದ್ದರೆ ರಿಪೇರಿಯವರಿಗೆ ಈ ಎರಡೂ ವಿಷಯ ಹೇಳಿ, ಮೊದಲು ಲ್ಯಾನ್ ಚಿಪ್ ಪರೀಕ್ಷಿಸಲು ಕೇಳಿ. ಅದೊಂದನ್ನು ಕಿತ್ತರೇ ಎದ್ದು ಕೂರುವ ಬೋರ್ಡುಗಳಿವೆ. ಆಮೇಲೆ ಒಂದು ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಹಾಕಿಕೊಂಡರೆ ಇಂಟರ್ನೆಟ್ಟಿಗೂ ದಾರಿಯಾಯಿತು.